ಬ್ಯಾಟರಿಯ ಸವಕಳಿ: ಲೆಕ್ಕಪುಸ್ತಕ ತೋರಿಸದ ನಷ್ಟ

ಬೀದರ ಗಾಂಧಿ ಗಂಜಿನ ಯಾವ ಅಂಗಡಿಯನ್ನು ಹೊಕ್ಕರೂ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಇನ್ವರ್ಟರ್ ಇರುತ್ತದೆ. ಕೊಂಡ ವರ್ಷ ಕರೆಂಟು ಹೋದಾಗ ಅದು ನಾಲ್ಕು ಗಂಟೆ ದೀಪ, ಫ್ಯಾನು ನಡೆಸಿದ್ದರೆ, ಮೂರನೆಯ ಬೇಸಿಗೆಯ ಹೊತ್ತಿಗೆ ಒಂದೂವರೆ ಗಂಟೆಗೇ ಸುಸ್ತಾಗುತ್ತದೆ. ವರ್ತಕರು ಇದನ್ನು ಕಂಡು ಅಚ್ಚರಿಪಡುವುದಿಲ್ಲ, ಮಾರಿದವನ ಮೇಲೆ ದೂರನ್ನೂ ಹೊರಿಸುವುದಿಲ್ಲ. ಬ್ಯಾಟರಿಯ ಧರ್ಮವೇ ಅದು ಎಂದುಕೊಂಡು ಹಳೆಯದನ್ನು ತೂಕಕ್ಕೆ ಹಾಕಿ ಹೊಸದನ್ನು ತರುತ್ತಾರೆ. ಆದರೆ ಅದೇ ವರ್ತಕರು ಹನ್ನೆರಡು, ಹದಿನಾಲ್ಕು ಲಕ್ಷ ರೂಪಾಯಿ ತೆತ್ತು ವಿದ್ಯುತ್ ಕಾರನ್ನು ಕೊಳ್ಳುವಾಗ ಈ ಅನುಭವವನ್ನು ಷೋರೂಮಿನ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುವಂತೆ ತೋರುತ್ತದೆ. ಕಾರಿನ ಬಣ್ಣ, ಪರದೆಯ ಅಗಲ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂಬುದಷ್ಟೇ ವಿಚಾರಣೆಗೆ ಬರುತ್ತದೆ. ಐದು ವರ್ಷದ ನಂತರ ಎಷ್ಟು ಕಿಲೋಮೀಟರ್ ಎಂದು ಕೇಳುವವರು ವಿರಳ.

ವಿದ್ಯುತ್ ವಾಹನ ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಪೆಟ್ರೋಲಿನ ಬೆಲೆಯನ್ನು ಬಲ್ಲ ಯಾರೂ ಹಾಗೆ ಹೇಳಲಾರರು. ಆದರೆ ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದು ಒಂದು ವೆಚ್ಚ. ಅದು ಪ್ರತಿದಿನ ಸಂಭವಿಸುತ್ತದೆ, ಯಾವ ರಸೀದಿಯೂ ಬರುವುದಿಲ್ಲ, ಕೊನೆಗೆ ಒಂದೇ ಬಾರಿಗೆ ಎದುರಾಗುತ್ತದೆ. ಕಂಪನಿ ಕೊಡುವ ಖಾತರಿ, ಸರ್ಕಾರ ಕೊಡುವ ಸವಕಳಿ ದರ, ಹಳೆಯ ಗಾಡಿಗಳ ಮಾರುಕಟ್ಟೆ ಕಟ್ಟುವ ಬೆಲೆ, ಈ ಮೂರೂ ಒಂದೊಂದು ಲೆಕ್ಕ ಹೇಳುತ್ತವೆ. ಬ್ಯಾಟರಿ ಹೇಳುವ ಲೆಕ್ಕ ನಾಲ್ಕನೆಯದು. ಅದನ್ನು ಅಳೆದು ಬರೆದಿಡುವ ಪದ್ಧತಿಯನ್ನು ನಮ್ಮ ಜಿಲ್ಲೆಯ ವರ್ತಕ ಸಮುದಾಯ ಈಗಲೇ ರೂಢಿಸಿಕೊಳ್ಳದಿದ್ದರೆ ನಷ್ಟದ ಬಹುಪಾಲು ಕೊಳ್ಳುವವನ ತಲೆಯ ಮೇಲೆಯೇ ಬೀಳುವುದು ಖಚಿತ.

ರೇವಾ ಕಲಿಸಿದ ಪಾಠ

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ. ದೇಶದಲ್ಲಿ ಮಾರುಕಟ್ಟೆಗೆ ಬಂದು ನಿಂತ ಮೊದಲ ವಿದ್ಯುತ್ ಕಾರು ರೇವಾ ತಯಾರಾದದ್ದು ಬೆಂಗಳೂರಿನಲ್ಲೇ. ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಸಂಸ್ಥೆಯೊಡನೆ 1994ರಲ್ಲಿ ಕೈಜೋಡಿಸಿ ಕಟ್ಟಿದ ಕಂಪನಿ, ಚೇತನ್ ಮೈನಿಯವರ ಮುಂದಾಳತ್ವದಲ್ಲಿ 2001ರಲ್ಲಿ ಈ ಪುಟ್ಟ ಕಾರನ್ನು ಬಿಡುಗಡೆ ಮಾಡಿತು. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಒಳಗಿದ್ದದ್ದು ನಮ್ಮ ಇನ್ವರ್ಟರಿನ ದಾಯಾದಿಯೇ: 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳ ಗುಂಪು. ಹೊಸದಿದ್ದಾಗ ಸುಮಾರು 80 ಕಿಲೋಮೀಟರ್ ಎಂಬುದು ಕಂಪನಿಯ ಮಾತಾಗಿತ್ತು. ಸೀಸ-ಆಮ್ಲ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಬಸವಳಿಯುತ್ತದೆಯಾದ್ದರಿಂದ ಕಾರಿನ ಮೈ ಗಟ್ಟಿಯಿದ್ದರೂ ಬ್ಯಾಟರಿಯ ಗುಂಪನ್ನು ಪೂರ್ತಿ ಬದಲಿಸುವ ಖರ್ಚು ಮಾಲೀಕನಿಗೆ ತಪ್ಪುತ್ತಿರಲಿಲ್ಲ. 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ರೇವಾ ಬಂದಿತು. 2010ರಲ್ಲಿ ಕಂಪನಿಯ ಹೆಚ್ಚಿನ ಷೇರುಗಳು ಮಹೀಂದ್ರಾದ ಕೈಸೇರಿದವು. 2013ರಲ್ಲಿ ಇ2ಓ ಎಂಬ ಹೊಸ ಕಾರು ಹೊರಬಂದಿತು. ಅದಾದ ಬಳಿಕ ಕಂಪನಿ ಮಾಡಿದ ಒಂದು ಪ್ರಯೋಗ ಗಮನಾರ್ಹ. ಕಾರನ್ನು ಕಡಿಮೆ ಬೆಲೆಗೆ ಮಾರಿ, ಬ್ಯಾಟರಿಗೆ ಮಾತ್ರ ತಿಂಗಳಿಗಿಷ್ಟು ಎಂದು ಬಾಡಿಗೆ ಪಡೆಯುವ ಯೋಜನೆ ಅದು. ಬ್ಯಾಟರಿ ಸವೆಯುವ ವಸ್ತು, ಕಾರಿನ ಬೆಲೆಯಲ್ಲಿ ಅದನ್ನು ಸೇರಿಸಿದರೆ ಗಿರಾಕಿ ಹೆದರುತ್ತಾನೆ ಎಂಬುದನ್ನು ತಯಾರಕರು ಆಗಲೇ ಅರಿತಿದ್ದರು. 2024ರ ಸೆಪ್ಟೆಂಬರಿನಲ್ಲಿ ಎಂಜಿ ಕಂಪನಿಯ ವಿಂಡ್ಸರ್ ಕಾರು ಇದೇ ಉಪಾಯದೊಡನೆ ಬಂದಿತು. ಬ್ಯಾಟರಿಗೆ ಕಿಲೋಮೀಟರಿಗೆ 3 ರೂ. 50 ಪೈಸೆ ಬಾಡಿಗೆ. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ.

ಲಿಥಿಯಂ ಬ್ಯಾಟರಿ ಸೀಸ-ಆಮ್ಲದಷ್ಟು ಬೇಗ ಸೋಲುವುದಿಲ್ಲ ಎಂಬುದು ನಿಜ. ಆದರೂ ಸೋಲುತ್ತದೆ. ಬ್ಯಾಟರಿಯ ಕೋಶದೊಳಗೆ ಗ್ರಾಫೈಟಿನ ಮೇಲೆ ತೆಳುವಾದ ಪದರವೊಂದು ಬೆಳೆಯುತ್ತ ಹೋಗಿ, ಓಡಾಡಬೇಕಾದ ಲಿಥಿಯಂನ ಒಂದಂಶವನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಚಾರ್ಜು ಮಾಡಿ ಓಡಿಸಿದಷ್ಟೂ ಈ ಕ್ರಿಯೆ ನಡೆಯುತ್ತದೆ. ಓಡಿಸದೆ ನಿಲ್ಲಿಸಿದರೂ ನಡೆಯುತ್ತದೆ. ಗೋದಾಮಿನಲ್ಲಿಟ್ಟ ತೊಗರಿ ಮಾರದಿದ್ದರೂ ತೇವ ಆರಿ ತೂಕ ಕಳೆದುಕೊಳ್ಳುವುದಿಲ್ಲವೇ, ಹಾಗೆ. ಕಾವು ಹೆಚ್ಚಿದಷ್ಟೂ ವೇಗ ಹೆಚ್ಚು. ಪೂರ್ತಿ ಚಾರ್ಜು ತುಂಬಿಸಿ ಬಿಸಿಲಿನಲ್ಲಿ ದಿನವಿಡೀ ನಿಲ್ಲಿಸುವುದು ಬ್ಯಾಟರಿಗೆ ದೊಡ್ಡ ಶತ್ರು. ಪದೇ ಪದೇ ಹೆಚ್ಚು ಶಕ್ತಿಯ ಡಿ.ಸಿ. ಚಾರ್ಜರಿಗೆ ಜೋಡಿಸುವುದು ಇನ್ನೊಂದು. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿಗಳು ನಿಕ್ಕಲ್ ಬಗೆಯವುಗಳಿಗಿಂತ ಹೆಚ್ಚು ಬಾರಿ ಚಾರ್ಜು ತಾಳಬಲ್ಲವು. ನಮ್ಮ ದೇಶದ ರಸ್ತೆಗಳಲ್ಲಿ ಅವೇ ಹೆಚ್ಚಾಗಿರುವುದು ಸಮಾಧಾನದ ಸಂಗತಿ.

ಬಿಸಿಲಿನ ಪ್ರಶ್ನೆ ನಮ್ಮ ಕಡೆಯವರಿಗೆ ವಿಶೇಷವಾದದ್ದು. ಬೀದರ ಎರಡು ಸಾವಿರ ಅಡಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದ್ದು ಕಲಬುರಗಿಗಿಂತ ತುಸು ತಂಪೆಂದು ನಾವು ಹೆಮ್ಮೆಪಡುತ್ತೇವಾದರೂ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಇಲ್ಲಿಯೂ ಸಾಮಾನ್ಯ. ಇಂಥ ಕಾವು ಏನು ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಉದಾಹರಣೆ ಇದೆ. ಮರುಭೂಮಿಯ ಆ ಊರಿನಲ್ಲಿ ನಿಸಾನ್ ಲೀಫ್ ಕಾರು ಕೊಂಡವರು 2012ರ ಬೇಸಿಗೆಯಲ್ಲಿ, ಕೊಂಡು ಒಂದೆರಡು ವರ್ಷವೂ ಆಗಿರದ ಕಾರುಗಳ ಸಾಮರ್ಥ್ಯದ ಸೂಚಕ ಇಳಿಯುತ್ತಿದೆಯೆಂದು ದೂರಿದರು. ಆ ಕಾರಿನ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಮೊಕದ್ದಮೆ ಹೂಡಲಾಯಿತು. ಸಾಮರ್ಥ್ಯ ಕುಗ್ಗುವುದು ಖಾತರಿಯ ವ್ಯಾಪ್ತಿಯಲ್ಲೇ ಇರದಿದ್ದ ಕಾಲ ಅದು. ಕೊನೆಗೆ ಕಂಪನಿಯು 5 ವರ್ಷ ಅಥವಾ 60,000 ಮೈಲಿಯೊಳಗೆ ಹನ್ನೆರಡು ಗೆರೆಗಳ ಸೂಚಕ ಒಂಬತ್ತಕ್ಕಿಂತ ಕೆಳಗಿಳಿದರೆ ದುರಸ್ತಿ ಇಲ್ಲವೇ ಬದಲಿ ಎಂದು ಒಪ್ಪಿಕೊಂಡಿತು. ಇಂದು ಎಲ್ಲೆಡೆ ಕೇಳಿಬರುವ ‘ಶೇ. 70’ ಎಂಬ ಗೆರೆ ಬಹುಮಟ್ಟಿಗೆ ಅಂಥ ಜಗಳಗಳಿಂದ ಹುಟ್ಟಿದ್ದು. ಆ ಬಳಿಕ ಬಂದ ಹೆಚ್ಚಿನ ಕಾರುಗಳಲ್ಲಿ ದ್ರವದ ತಂಪು ವ್ಯವಸ್ಥೆ ಅಳವಟ್ಟಿದೆ. ಹಲವು ದೇಶಗಳ ಸಾವಿರಾರು ವಾಹನಗಳ ದಾಖಲೆ ನೋಡಿದ ಇತ್ತೀಚಿನ ವಿಶ್ಲೇಷಣೆಗಳು ವರ್ಷಕ್ಕೆ ಸರಾಸರಿ ಶೇ. 2ರ ಆಸುಪಾಸಿನ ನಷ್ಟವನ್ನು ಹೇಳುತ್ತವೆ. ಕಾವು ಮತ್ತು ಶೀಘ್ರ ಚಾರ್ಜಿಂಗ್ ಎರಡೂ ಸೇರಿದರೆ ಶೇ. 3ರವರೆಗೆ ಎಂದು ಎಣಿಸುವುದು ಜಾಣತನ.

ಶೇ. 85ರಿಂದ 70ರವರೆಗಿನ ನಷ್ಟ ಯಾರದು?

ಈಗ ನಕಾಶೆಯನ್ನು ಬಿಡಿಸಿಕೊಂಡು ನೋಡೋಣ. ಬೀದರ ಜಿಲ್ಲೆಯ ವ್ಯಾಪಾರದ ಮುಖ ಹೈದರಾಬಾದಿನ ಕಡೆಗೆ. ಬೀದರ ನಗರದಿಂದ ಅಲ್ಲಿಗೆ ಸುಮಾರು 140 ಕಿಲೋಮೀಟರ್. ಭಾಲ್ಕಿ ಹಾಗೂ ಔರಾದ ಎರಡೂ ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿಲೋಮೀಟರ್ ಆಚೆಗೆ ಇರುವುದರಿಂದ ಅಲ್ಲಿಯ ಬೇಳೆ ಮಿಲ್ಲಿನವರಿಗೋ ಬೀಜ-ಗೊಬ್ಬರದ ವರ್ತಕರಿಗೋ ಹೈದರಾಬಾದು ಸುಮಾರು 180 ಕಿಲೋಮೀಟರ್. ಉದಾಹರಣೆಗಾಗಿ, ಹೊಸದಿದ್ದಾಗ ಹೆದ್ದಾರಿಯಲ್ಲಿ ನಿಜಕ್ಕೂ 250 ಕಿಲೋಮೀಟರ್ ಓಡುವ ಕಾರೊಂದನ್ನು ಇಟ್ಟುಕೊಳ್ಳೋಣ. (ಜಾಹೀರಾತಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಬರೆದಿರುತ್ತದೆ. ಅದು ಪ್ರಯೋಗಾಲಯದ ಅಂಕಿ. ಎ.ಸಿ. ಹಾಕಿಕೊಂಡು ನೂರರ ವೇಗದಲ್ಲಿ ಓಡುವವನ ಅಂಕಿ ಬೇರೆ.) ದಾರಿಯ ಮಧ್ಯೆ ನಿಲ್ಲಬಾರದೆಂದು ಶೇ. 15ರಷ್ಟು ಚಾರ್ಜು ಕೈಯಲ್ಲಿಟ್ಟುಕೊಂಡರೆ ಉಳಿಯುವುದು 212 ಕಿಲೋಮೀಟರ್. ಮೂರೂ ಊರಿನವರು ಎಲ್ಲಿಯೂ ನಿಲ್ಲದೆ ಹೈದರಾಬಾದು ಮುಟ್ಟುತ್ತಾರೆ.

ಸಾಮರ್ಥ್ಯ ಶೇ. 85ಕ್ಕೆ ಇಳಿದಾಗ ಇದೇ ಲೆಕ್ಕ 180 ಕಿಲೋಮೀಟರಿಗೆ ಬಂದು ನಿಲ್ಲುತ್ತದೆ. ಶೇ. 80 ಆದಾಗ 170. ಬೀದರ ನಗರದವರಿಗೆ ಇದರಿಂದ ಏನೂ ಬಾಧೆಯಿಲ್ಲ. ಅವರ 140 ಕಿಲೋಮೀಟರಿಗೆ ಇನ್ನೂ ಮಿಗುತ್ತದೆ. ದಿನವಿಡೀ ಗಂಜು, ಬ್ಯಾಂಕು, ಕೊಳ್ಹಾರ ಕೈಗಾರಿಕಾ ಪ್ರದೇಶ ಎಂದು ಸುತ್ತುವವರಿಗಂತೂ ಬ್ಯಾಟರಿ ಅರ್ಧಕ್ಕೆ ಇಳಿದರೂ ಗೊತ್ತಾಗದು. ಆದರೆ ಔರಾದಿನ ವರ್ತಕರಿಗೆ ಅಂದಿನಿಂದ ಆ ಕಾರು ಬೇರೆಯೇ ಕಾರು. ಪ್ರತಿ ಪ್ರಯಾಣದಲ್ಲೂ ಹೆದ್ದಾರಿಯ ಚಾರ್ಜಿಂಗ್ ಕೇಂದ್ರವೊಂದರಲ್ಲಿ ನಿಲ್ಲಬೇಕು, ಅರ್ಧ-ಮುಕ್ಕಾಲು ಗಂಟೆ ಕಾಯಬೇಕು, ಸರದಿಯಿದ್ದರೆ ಇನ್ನೂ ಹೆಚ್ಚು. ಮನೆಯ ವಿದ್ಯುತ್ತಿಗಿಂತ ದುಬಾರಿ ದರ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಂದೇ ಕಾರು, ಒಂದೇ ಬ್ಯಾಟರಿ, ಒಂದೇ ಪ್ರಮಾಣದ ಸವೆತ. ನಗರದವರಿಗೆ ಅದು ಅಂಕಿಯಷ್ಟೇ, ತಾಲ್ಲೂಕಿನವರಿಗೆ ಕೈಯಿಂದ ಹೋದ ಕೆಲಸದ ಹೊತ್ತು. ಸಾಮರ್ಥ್ಯದ ನಷ್ಟ ಒಂದು ಪ್ರಮಾಣದಲ್ಲಿ ಇಳಿದರೂ ಉಪಯೋಗದ ನಷ್ಟ ಮೆಟ್ಟಿಲಿನಂತೆ ಒಮ್ಮೆಲೇ ಇಳಿಯುತ್ತದೆ. ಆ ಮೆಟ್ಟಿಲು ಎಲ್ಲಿದೆ ಎಂಬುದು ಕೊಳ್ಳುವವರ ಊರಿನಿಂದ ನಿರ್ಧಾರವಾಗುತ್ತದೆಯೇ ಹೊರತು ಕಂಪನಿಯ ಕರಪತ್ರದಿಂದಲ್ಲ.

ಕಂಪನಿಗಳ ಖಾತರಿಯ ಮಾತು ಇಲ್ಲಿಗೆ ಬರುತ್ತದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರು 30.2 ಯೂನಿಟ್ ಸಾಮರ್ಥ್ಯದ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿ ಕೊಟ್ಟಿತು. ಬಹುತೇಕ ಎಲ್ಲ ತಯಾರಕರೂ ಆ ಅವಧಿಯನ್ನೇ ಅನುಸರಿಸಿದರು. ಜಗತ್ತಿನಾದ್ಯಂತ ಇಂಥ ಖಾತರಿಗಳು ಸಾಮಾನ್ಯವಾಗಿ ಹಿಡಿಯುವ ಕನಿಷ್ಠ ಮಟ್ಟ ಶೇ. 70. ವರ್ಷಕ್ಕೆ ಶೇ. 2ರಂತೆ ಇಳಿದರೆ ಶೇ. 70 ಮುಟ್ಟಲು 15 ವರ್ಷ ಬೇಕು. ಶೇ. 3ರಂತೆ ಇಳಿದರೂ 10 ವರ್ಷ. ಖಾತರಿಯೋ 8 ವರ್ಷಕ್ಕೆ ಮುಗಿದಿರುತ್ತದೆ. ಅಂದರೆ ಈ ಖಾತರಿ ದೋಷಪೂರಿತ ಬ್ಯಾಟರಿಯ ವಿರುದ್ಧ ಒಳ್ಳೆಯ ರಕ್ಷಣೆಯೇ ಹೊರತು ಸಹಜ ಸವೆತದ ವಿರುದ್ಧ ಯಾವ ರಕ್ಷಣೆಯೂ ಅಲ್ಲ. ಔರಾದಿನ ವರ್ತಕರ ಲೆಕ್ಕದಲ್ಲಿ ಬ್ಯಾಟರಿಯ ಉಪಯೋಗ ಶೇ. 85ಕ್ಕೆ ಕುಂಟತೊಡಗಿತು. ವರ್ಷಕ್ಕೆ ಶೇ. 3ರ ಸವೆತವಾದರೆ ಅದು ಐದನೆಯ ವರ್ಷದ ಮಾತು. ಕಂಪನಿಯ ಹೊಣೆ ಶೇ. 70ರ ಕೆಳಗೆ ಆರಂಭ. ನಡುವಿನ ನಷ್ಟ ಪೂರ್ತಿಯಾಗಿ ಕೊಂಡವರದ್ದು.

ಟಾಟಾ, ಮಹೀಂದ್ರಾ ಮೊದಲಾದವು ತಮ್ಮ ಕೆಲವು ಕಾರುಗಳಿಗೆ ‘ಆಜೀವ’ ಖಾತರಿ ಘೋಷಿಸಿದವು. ಸ್ವಾಗತಾರ್ಹವೇ ಸರಿ. ಆದರೆ ಅದು ಮೊದಲ ಮಾಲೀಕರಿಗೆ ಸೀಮಿತ. ಕೈ ಬದಲಾದ ಕಾರಿಗೆ ಅವಧಿ ಮೊಟಕಾಗುತ್ತದೆ. ಖಾಸಗಿ ನೋಂದಣಿಯ ಷರತ್ತೂ ಇರುವುದುಂಟು. ಆದಾಯ ತೆರಿಗೆಯ ಸವಕಳಿಗೆ ಆಸೆಪಟ್ಟು ಸಂಸ್ಥೆಯ ಹೆಸರಿನಲ್ಲಿ ಕಾರು ಕೊಳ್ಳುವವರು, ಆ ಹೆಸರಿಗೆ ಆಜೀವ ಖಾತರಿ ಅನ್ವಯಿಸುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯದೆ ಮುಂಗಡ ಕೊಡಬಾರದು.

ಲೆಕ್ಕಪುಸ್ತಕದ ಮಾತು

ಆದಾಯ ತೆರಿಗೆಯ ನಿಯಮಗಳು ವಿದ್ಯುತ್ ವಾಹನಗಳನ್ನು ಸಾಮಾನ್ಯ ಮೋಟಾರು ಕಾರಿನ ಸಾಲಿನಲ್ಲಿ ಇಡದೆ ನವೀಕರಿಸಬಹುದಾದ ಇಂಧನದ ಸಾಧನಗಳ ಸಾಲಿಗೆ ಸೇರಿಸಿದ್ದವು. ಶೇ. 80ರಷ್ಟಿದ್ದ ಸವಕಳಿ ದರ 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಪೆಟ್ರೋಲ್ ಕಾರಿಗಿದ್ದ ಶೇ. 15ರೊಡನೆ ಹೋಲಿಸಿದರೆ ಇದು ದೊಡ್ಡ ಅನುಕೂಲ. ಮಾರಾಟಗಾರರೂ ಇದನ್ನೇ ಮುಂದಿಡುತ್ತಾರೆ. ಆದರೆ ಈ ನಾಣ್ಯದ ಮತ್ತೊಂದು ಮುಖ ಕಾರನ್ನು ಮಾರುವ ದಿನ ಕಾಣಿಸುತ್ತದೆ.

14 ಲಕ್ಷ ರೂಪಾಯಿಯ ಕಾರನ್ನು ಜಿಎಸ್‌ಟಿ ನೋಂದಾಯಿತ ವರ್ತಕರೊಬ್ಬರು ವ್ಯಾಪಾರದ ಲೆಕ್ಕದಲ್ಲಿ ಕೊಂಡರೆನ್ನೋಣ. ಶೇ. 40ರಂತೆ ಇಳಿಯುವ ಶಿಲ್ಕಿನ ಪದ್ಧತಿಯಲ್ಲಿ ನಾಲ್ಕು ವರ್ಷ ಸವಕಳಿ ಕಳೆದರೆ ಪುಸ್ತಕದಲ್ಲಿ ಉಳಿಯುವುದು 1,81,440 ರೂ. ಕಾರು 6 ಲಕ್ಷಕ್ಕೆ ಮಾರಾಟವಾಯಿತು. ಹಳೆಯ ವಾಹನಗಳ ಮೇಲಿನ ಜಿಎಸ್‌ಟಿಯನ್ನು ವಿದ್ಯುತ್ ವಾಹನಗಳಿಗೂ ಸೇರಿಸಿ, ಲಾಭಾಂಶದ ಮೇಲೆ ಶೇ. 18 ಎಂದು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರಿನಲ್ಲಿ ತೀರ್ಮಾನಿಸಿ, 2025ರ ಜನವರಿಯಲ್ಲಿ ಜಾರಿಗೆ ಬಂದಿತು. ಸವಕಳಿ ಪಡೆದವರಿಗೆ ಲಾಭಾಂಶವೆಂದರೆ ಮಾರಿದ ಬೆಲೆಗೂ ಸವಕಳಿ ಕಳೆದ ಬೆಲೆಗೂ ಇರುವ ವ್ಯತ್ಯಾಸ. ಇಲ್ಲಿ 4,18,560 ರೂ. ಅದರ ಮೇಲಿನ ತೆರಿಗೆ ಸುಮಾರು 75,340 ರೂ. ಅದೇ ಬೆಲೆಯ ಪೆಟ್ರೋಲ್ ಕಾರಿನಲ್ಲಿ ಶೇ. 15ರ ಸವಕಳಿ ಕಳೆದು ಪುಸ್ತಕದಲ್ಲಿ 7.30 ಲಕ್ಷ ರೂ. ಉಳಿದಿರುತ್ತಿತ್ತು. 6 ಲಕ್ಷಕ್ಕೆ ಮಾರಿದರೆ ಲಾಭಾಂಶವೇ ಇಲ್ಲ, ತೆರಿಗೆಯೂ ಇಲ್ಲ. ಬ್ಯಾಟರಿ ಸವೆದು ಮಾರುಕಟ್ಟೆಯಲ್ಲಿ ಎಂಟು ಲಕ್ಷ ಕಳೆದುಕೊಂಡವರು, ಕಾಗದದ ಮೇಲೆ ನಾಲ್ಕು ಲಕ್ಷ ಗಳಿಸಿದವರಾಗಿ ತೆರಿಗೆ ಕಟ್ಟುವ ವಿಚಿತ್ರ ಇದು. ಸವಕಳಿಯಿಂದ ಉಳಿದ ಆದಾಯ ತೆರಿಗೆ ಇದಕ್ಕಿಂತ ಹೆಚ್ಚೇ ಇರಬಹುದು. ಆದರೂ ಕೊಳ್ಳುವ ದಿನವೇ ಈ ಬಾಬ್ತನ್ನು ತಿಳಿದಿರುವುದು ಮೇಲು.

ಖಾಸಗಿ ನಿಯಮಿತ ಕಂಪನಿಗಳಾಗಿ ನೋಂದಾಯಿಸಿರುವ ಸಣ್ಣ ಕೈಗಾರಿಕೆಗಳಿಗೆ ಇನ್ನೊಂದು ಮಾತು. 2013ರ ಕಂಪನಿ ಕಾಯಿದೆಯ ಎರಡನೆಯ ಪರಿಶಿಷ್ಟವು ವಿದ್ಯುತ್ ವಾಹನದ ಉಪಯುಕ್ತ ಆಯುಷ್ಯವನ್ನು 8 ವರ್ಷವೆಂದು ಹೇಳುತ್ತದೆ. ಒಂದು ಆಸ್ತಿಯ ಮಹತ್ವದ ಭಾಗಕ್ಕೆ ಬೇರೆಯದೇ ಆಯುಷ್ಯವಿದ್ದರೆ ಆ ಭಾಗವನ್ನು ಪ್ರತ್ಯೇಕವಾಗಿ ಸವಕಳಿಗೆ ಒಳಪಡಿಸಬೇಕೆಂಬ ನಿಯಮವೂ ಇದೆ. ಬ್ಯಾಟರಿಗಿಂತ ಉತ್ತಮ ಉದಾಹರಣೆ ಈ ನಿಯಮಕ್ಕೆ ಸಿಗಲಾರದು. ಆದರೂ ಹೆಚ್ಚಿನವರ ಸ್ಥಿರಾಸ್ತಿ ಪಟ್ಟಿಯಲ್ಲಿ ಕಾಣುವುದು ‘ಮೋಟಾರು ಕಾರು’ ಎಂಬ ಒಂದೇ ಸಾಲು. ಮುಂದೆ ಬ್ಯಾಟರಿ ಬದಲಿಸಿದಾಗ ಅದು ದುರಸ್ತಿಯೋ ಬಂಡವಾಳ ವೆಚ್ಚವೋ ಎಂಬ ವಾದ ಏಳುವುದು ಖಂಡಿತ. ಹೊಸ ಕಾರಿಗೆ ಶೇ. 5 ಇರುವ ಜಿಎಸ್‌ಟಿ, ಬಿಡಿಯಾಗಿ ಕೊಳ್ಳುವ ಬ್ಯಾಟರಿಗೆ ಶೇ. 18 ಎಂಬುದನ್ನೂ ಮರೆಯಬಾರದು. ಸರಕು ಸಾಗಿಸುವ ಮೂರು ಚಕ್ರದ ವಾಹನವಾದರೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಸ್ವಂತ ಓಡಾಟದ ಕಾರಿಗೆ ಆ ದಾರಿ ಮುಚ್ಚಿದೆ.

ಇನ್ನು ಕಿಲೋಮೀಟರಿನ ಲೆಕ್ಕ. 14 ಲಕ್ಷದಲ್ಲಿ ಬ್ಯಾಟರಿಯ ಪಾಲು 5 ಲಕ್ಷ ಎಂದು ಉದಾಹರಣೆಗಾಗಿ ಹಿಡಿಯೋಣ. ವರ್ಷಕ್ಕೆ 20,000 ಕಿಲೋಮೀಟರಿನಂತೆ ಎಂಟು ವರ್ಷ ಓಡಿಸಿ, ಕೊನೆಗೆ ಬ್ಯಾಟರಿಗೆ ಬೆಲೆಯೇ ಇಲ್ಲವೆಂದು ಬರೆದುಹಾಕಿದರೂ ಕಿಲೋಮೀಟರಿಗೆ ಬೀಳುವುದು 3 ರೂ. 12 ಪೈಸೆ. ವಿಂಡ್ಸರಿನ 3 ರೂ. 50 ಪೈಸೆಯ ಬಾಡಿಗೆ ಎಲ್ಲಿಂದ ಬಂತೆಂಬುದು ಈಗ ಹೊಳೆಯುತ್ತದೆ. ಆ ಕಂಪನಿಯವರು ಬಡ್ಡಿಯನ್ನೂ ಸೇರಿಸಿ ಇದೇ ಗುಣಾಕಾರ ಮಾಡಿರಬೇಕು. ಯೂನಿಟ್ಟಿಗೆ 8 ರೂ. ಎಂದರೆ ಓಡಿಸುವ ವಿದ್ಯುತ್ತಿಗೆ ಕಿಲೋಮೀಟರಿಗೆ ಸುಮಾರು 1 ರೂ. 25 ಪೈಸೆ. ಪೆಟ್ರೋಲು ಲೀಟರಿಗೆ 100 ರೂ., ಓಟ 15 ಕಿಲೋಮೀಟರ್ ಎಂದರೆ 6 ರೂ. 65 ಪೈಸೆ. ಬ್ಯಾಟರಿಯ ಸವೆತ ಕಳೆದ ಮೇಲೂ ಕಿಲೋಮೀಟರಿಗೆ 2 ರೂಪಾಯಿಗೂ ಮಿಕ್ಕಿ ಉಳಿತಾಯ. ಕರಪತ್ರ ಹೇಳುವಷ್ಟಿಲ್ಲ, ಆದರೂ ಉಳಿತಾಯವೇ.

ಆದರೆ ವರ್ಷಕ್ಕೆ 10,000 ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಅದೇ ಬ್ಯಾಟರಿ ಕಿಲೋಮೀಟರಿಗೆ 6 ರೂ. 25 ಪೈಸೆ ಬೀಳುತ್ತದೆ. ಉಳಿತಾಯ ಹೋಗಿ ಕೈಯಿಂದ 85 ಪೈಸೆ ಸೇರಿಸಬೇಕಾಗುತ್ತದೆ. ನಿಂತ ಕಾರಿನ ಬ್ಯಾಟರಿಯೂ ವರ್ಷಗಳ ಲೆಕ್ಕದಲ್ಲಿ ಸವೆಯುವುದೇ ಇದಕ್ಕೆ ಕಾರಣ. ಪ್ರತಿಷ್ಠೆಗಾಗಿ ಕೊಂಡು ಮನೆಯ ಮುಂದೆ ನಿಲ್ಲಿಸುವ ವಾಹನ ಇದಲ್ಲ. ಎಂಟು ವರ್ಷದ ನಂತರ ಬ್ಯಾಟರಿಯ ಬೆಲೆ ಶೂನ್ಯವೆಂದು ಹಿಡಿದದ್ದು ಕಠಿಣವಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಶೇ. 80ರಷ್ಟು ಸಾಮರ್ಥ್ಯ ಉಳಿದ ಬ್ಯಾಟರಿ ನಗರದೊಳಗಿನ ಓಡಾಟಕ್ಕೆ ಬಹುಕಾಲ ಬರುತ್ತದೆ, ಸೌರವಿದ್ಯುತ್ತನ್ನು ಕೂಡಿಡಲೂ ಬಂದೀತು. ಅದಕ್ಕೆ ಎರಡೂವರೆ ಲಕ್ಷ ಸಿಕ್ಕಿದರೆ ಮೇಲಿನ ವರ್ತಕರ ವೆಚ್ಚ ಮತ್ತೆ 3 ರೂ. 12 ಪೈಸೆಗೆ ಇಳಿಯುತ್ತದೆ. ಆದರೆ ಶೇ. 80 ಉಳಿದಿದೆ ಎಂಬುದಕ್ಕೆ ಪುರಾವೆ ಏನು? ಪುರಾವೆ ಇಲ್ಲದಿದ್ದರೆ ಕೊಳ್ಳುವವನು ಶೇ. 60 ಎಂದೇ ಭಾವಿಸಿ ಬೆಲೆ ಕಟ್ಟುತ್ತಾನೆ. ತೇವಾಂಶ ಅಳೆಯದೆ ಸೋಯಾಬೀನ್ ಕೊಳ್ಳುವ ಖರೀದಿದಾರ ಮಾಡುವುದೂ ಅದನ್ನೇ.

ಅಳೆಯುವ ಉಪಾಯ

ಪುರಾವೆ ಒದಗಿಸುವುದು ಕಷ್ಟದ ಕೆಲಸವಲ್ಲ. ಕಾರು ಚಾರ್ಜು ಮಾಡುವ ತಂತಿಗೆ ಪ್ರತ್ಯೇಕವಾಗಿ ಒಂದು ಸಣ್ಣ ಉಪಮೀಟರ್ ಕೂರಿಸಿದರೆ ಸಾಕು. ಕೊಂಡ ಹೊಸತರಲ್ಲಿ ಶೇ. 10ರಿಂದ 90ರವರೆಗೆ ಮನೆಯ ಚಾರ್ಜರಿನಲ್ಲಿ ತುಂಬಿಸಿ ಎಷ್ಟು ಯೂನಿಟ್ ಹೋಯಿತೆಂದು ಬರೆದಿಡಬೇಕು. 30 ಯೂನಿಟ್ಟಿನ ಬ್ಯಾಟರಿಗೆ, ಚಾರ್ಜಿಂಗಿನ ನಷ್ಟ ಸೇರಿ, ಸುಮಾರು 27 ಯೂನಿಟ್ ಹೋಗುತ್ತದೆ. ಪ್ರತಿವರ್ಷ ಅದೇ ತಿಂಗಳಲ್ಲಿ, ಅದೇ ರೀತಿಯಲ್ಲಿ ಮತ್ತೆ ಅಳೆಯಬೇಕು. ನಾಲ್ಕನೆಯ ವರ್ಷ 23 ಯೂನಿಟ್ಟಿಗೇ ತುಂಬಿದರೆ ಸಾಮರ್ಥ್ಯ ಸುಮಾರು ಶೇ. 85ಕ್ಕೆ ಬಂದಿದೆ ಎಂದು ತಿಳಿಯಬಹುದು. ಪರದೆಯ ಶೇಕಡಾವಾರು ಅಂಕಿ ಕಾರಿನ ಯಂತ್ರ ಮಾಡುವ ಅಂದಾಜು ಮಾತ್ರ, ಹಾಗಾಗಿ ಈ ಅಳತೆ ಚಿನ್ನದ ತಕ್ಕಡಿಯಷ್ಟು ಕರಾರುವಾಕ್ಕಲ್ಲ. ಆದರೆ ಒಬ್ಬರೇ ಒಂದೇ ರೀತಿಯಲ್ಲಿ ವರ್ಷ ವರ್ಷ ಬರೆದ ಅಂಕಿಗಳಿಗೆ ಒಂದು ಬೆಲೆಯಿದೆ. ಮಾರ್ಚ್ ಅಂತ್ಯದಲ್ಲಿ ಸರಕಿನ ದಾಸ್ತಾನು ಎಣಿಸುವಾಗ ಬ್ಯಾಟರಿಯ ಯೂನಿಟ್ಟುಗಳನ್ನೂ ಎಣಿಸಿ ಒಂದು ಸಾಲು ಬರೆದರೆ ಯಾರಿಗೂ ಹೊರೆಯಾಗದು. ಜೊತೆಗೆ, ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕಾರು ಬಿಟ್ಟಾಗಲೆಲ್ಲ ಬ್ಯಾಟರಿಯ ಆರೋಗ್ಯದ ಅಂಕಿಯನ್ನು ಜಾಬ್ ಕಾರ್ಡಿನ ಮೇಲೆ ಬರೆದುಕೊಡುವಂತೆ ಕೇಳಬೇಕು. ಬಾಯಿಮಾತಿನ ‘ಚೆನ್ನಾಗಿದೆ ಸರ್’ ಎಂಬುದು ಯಾವ ಆಯೋಗದ ಮುಂದೆಯೂ ನಿಲ್ಲುವುದಿಲ್ಲ.

ಆಯೋಗದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಒಪ್ಪುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕೆಂದು ಕೊಂಡವರಿಗೆ ಮಾತ್ರ ವಿನಾಯಿತಿ. ಕಂಪನಿಯೊಂದು ತನ್ನ ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರು ವಾಣಿಜ್ಯ ಉದ್ದೇಶದ್ದಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ತೀರ್ಪಿತ್ತದ್ದು ನಿಜ. ಆದರೂ ಸರಕು ಸಾಗಿಸಲು ಹತ್ತು ಗಾಡಿ ಕೊಂಡ ಸಂಸ್ಥೆಗೆ ಆ ಆಸರೆ ಸಿಗುವುದು ಅನುಮಾನ. ಅಂಥವರು ಖರೀದಿಯ ಆದೇಶಪತ್ರದಲ್ಲೇ ಕನಿಷ್ಠ ಸಾಮರ್ಥ್ಯದ ಅಂಕಿ, ಅಳೆಯುವ ವಿಧಾನ, ಅಳೆಯುವವರು ಯಾರು ಎಂಬುದನ್ನು ಬರೆಸಿಕೊಳ್ಳುವುದು ಒಳಿತು. ವಿಮೆಯೂ ಸಹಜ ಸವೆತವನ್ನು ತುಂಬಿಕೊಡುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊರದೇಶಗಳಲ್ಲಿ ಈ ಹೊರೆಯನ್ನು ಒಬ್ಬೊಬ್ಬ ಗಿರಾಕಿಯ ಚೌಕಾಸಿಗೆ ಬಿಟ್ಟಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆಯು 2022ರಲ್ಲಿ ಒಪ್ಪಿದ ಜಾಗತಿಕ ನಿಯಮವು 5 ವರ್ಷ ಅಥವಾ 1,00,000 ಕಿಲೋಮೀಟರಿಗೆ ಶೇ. 80, 8 ವರ್ಷ ಅಥವಾ 1,60,000 ಕಿಲೋಮೀಟರಿಗೆ ಶೇ. 70 ಸಾಮರ್ಥ್ಯ ಉಳಿಯಬೇಕೆಂದು ಗೊತ್ತುಪಡಿಸಿದೆ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾಯಿದೆಯು 2027ರ ಫೆಬ್ರವರಿಯಿಂದ ಪ್ರತಿ ವಾಹನ ಬ್ಯಾಟರಿಗೂ ಗಣಕೀಕೃತ ‘ಪಾಸ್‌ಪೋರ್ಟ್’ ಇರಬೇಕೆಂದು ವಿಧಿಸಿದೆ. ಐದನೆಯ ವರ್ಷಕ್ಕೆ ಶೇ. 80 ಎಂಬ ಮೆಟ್ಟಿಲು ನಮ್ಮಲ್ಲಿಯೂ ಕಾನೂನಾಗಿ ಬಂದರೆ ಔರಾದ, ಭಾಲ್ಕಿಯವರ ನಡುಗಾಲದ ನಷ್ಟಕ್ಕೆ ಒಂದು ಮಿತಿಯಾದರೂ ಬೀಳುತ್ತದೆ. ದೇಶದ ವಾಣಿಜ್ಯ ಸಂಸ್ಥೆಗಳು ಕೇಂದ್ರ ಸಾರಿಗೆ ಸಚಿವಾಲಯದ ಮುಂದೆ ಇಡಬೇಕಾದ ಬೇಡಿಕೆ ಇದು. ಸಹಾಯಧನದ ಅಹವಾಲುಗಳ ಕಟ್ಟಿನಲ್ಲಿ ಇದೂ ಒಂದಾಗಿ ಕಳೆದುಹೋಗಬಾರದು.

ಕಾನೂನು ಬರುವವರೆಗೆ ಜಿಲ್ಲೆಯಲ್ಲೇ ಆಗಬಹುದಾದದ್ದು ಒಂದಿದೆ. ಬೀದರಿನಲ್ಲಿ ಗುರು ನಾನಕ ದೇವ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇವೆ. ಬ್ಯಾಟರಿಯನ್ನು ನಿಗದಿತ ಕ್ರಮದಲ್ಲಿ ತುಂಬಿಸಿ, ಅಳೆದು, ಮುದ್ರೆಯೊತ್ತಿದ ಪತ್ರ ಕೊಡುವ ಕೆಲಸವನ್ನು ಅಂಥ ಸಂಸ್ಥೆಗಳ ವಿದ್ಯುತ್ ವಿಭಾಗಗಳು ಸಾಧಾರಣ ಶುಲ್ಕಕ್ಕೆ ಕೈಗೊಳ್ಳಲು ಸಾಧ್ಯ. ವಿದ್ಯಾರ್ಥಿಗಳಿಗೂ ಅದು ಪಾಠವಾದೀತು. ಔರಾದಿನವರು ವರ್ಷಕ್ಕೊಮ್ಮೆ ಹೇಗೂ ಜಿಲ್ಲಾ ಕೇಂದ್ರಕ್ಕೆ ಬರುವವರೇ. ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಹಾಕಿಸುವಂತೆ ಬ್ಯಾಟರಿಗೂ ಒಂದು ಮುದ್ರೆ ಹಾಕಿಸಿಕೊಂಡು ಹೋಗಬಹುದು. ಮಾರುವ ದಿನ ಆ ಪತ್ರವನ್ನು ಆರ್.ಸಿ. ಪುಸ್ತಕದೊಡನೆ ಇಟ್ಟರೆ ಖರೀದಿದಾರನ ಅನುಮಾನಕ್ಕೆ ಉತ್ತರ ಸಿಗುತ್ತದೆ. ಶುಲ್ಕ ಎಷ್ಟಿರಬೇಕು, ಉಪಕರಣದ ವೆಚ್ಚವನ್ನು ಯಾರು ಭರಿಸಬೇಕು ಎಂಬುದನ್ನು ವಾಣಿಜ್ಯ ಮಂಡಳಿಯ ಮುಂದಿನ ಸಭೆ ಕಾಲೇಜುಗಳೊಡನೆ ಕುಳಿತು ಗೊತ್ತುಮಾಡಬೇಕು. ಮಾರ್ಚ್ ಬರುವುದರೊಳಗೆ ಆ ಏರ್ಪಾಡಾದರೆ ಈ ಸಾಲಿನ ದಾಸ್ತಾನು ಪಟ್ಟಿಗೇ ಮೊದಲ ಅಂಕಿ ಸೇರುತ್ತದೆ.